ಪಾಸ್‌ಪೋರ್ಟ್ ಪ್ರಕಾರ ನಿವೃತ್ತಿ

ನನಗೆ ಒಂದು ದೊಡ್ಡ ಅನ್ಯಾಯವಾಗಿದೆ. ಮಾಡಿದವನು ಯಾರು ಎಂದು ಕೇಳಿದರೆ ಹೇಳಲಿಕ್ಕೆ ಸ್ವಲ್ಪ ನಾಚಿಕೆ, ಯಾಕೆಂದರೆ ಅವನು ನಾನೇ. ಒಮಾನಿನ ರೂವಿಯಲ್ಲಿ ನನ್ನದೊಂದು ದರ್ಜಿ ಅಂಗಡಿ ಉಂಟು. ಅದರಲ್ಲಿ ಮಾಲೀಕ ನಾನು, ಕಟಿಂಗ್ ಮಾಸ್ಟರ್ ನಾನು, ಹೊಲಿಯುವವನು ನಾನು, ಸಂಜೆ ಬಟ್ಟೆಯ ಚೂರು ಗುಡಿಸುವವನೂ ನಾನೇ. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಈ ಮಾಲೀಕ ಈ ನೌಕರನಿಗೆ ಒಂದು ಬೋನಸ್ ಕೊಟ್ಟಿಲ್ಲ, ಸಂಬಳದ ರಜೆ ಕೊಟ್ಟಿಲ್ಲ, ಕೆಲಸ ಬಿಡುವಾಗ ಕೈಗೆ ನಾಲ್ಕು ಕಾಸು ಕೊಡುವ ಯೋಚನೆಯನ್ನೂ ಮಾಡಿಲ್ಲ. ಬೇರೆಯವನಾಗಿದ್ದರೆ ಲೇಬರ್ ಕೋರ್ಟಿಗೆ ಎಳೆಯುತ್ತಿದ್ದೆ. ಇವನನ್ನು ಎಳೆದರೆ ಜೊತೆಗೆ ನಾನೂ ಹೋಗಬೇಕು, ಅಂಗಡಿ ಯಾರು ನೋಡಿಕೊಳ್ಳುತ್ತಾರೆ?

ಈ ಅನ್ಯಾಯ ನನಗೆ ಗೊತ್ತಾದದ್ದು ಫಕೀರಪ್ಪನವರ ಹೊಟ್ಟೆಯ ಅಳತೆ ತೆಗೆಯುವಾಗ. ಫಕೀರಪ್ಪನವರು ಕೊಪ್ಪಳದ ಕಡೆಯವರು, ದೂರದ ದುಕ್ಮ್‌ನ ಒಂದು ಕಂಪನಿಯಲ್ಲಿ ಸೂಪರ್‌ವೈಸರ್. ಅವರ ಹೆಂಡತಿ ಶರಣವ್ವ ಅಲ್ ಗುಬ್ರಾದಲ್ಲಿ ನಮ್ಮ ಪಕ್ಕದ ಫ್ಲಾಟಿನಲ್ಲೇ ಇದ್ದರು. ಎರಡು ವಾರಕ್ಕೊಮ್ಮೆ ಕಂಪನಿ ಬಸ್ಸಿನಲ್ಲಿ ಬಂದಾಗ ಫಕೀರಪ್ಪನವರು ನಮ್ಮ ಬಾಗಿಲಿನಲ್ಲೂ ಒಂದು ಚಹಾ ಕುಡಿದು ಹೋಗುವುದು ರೂಢಿ. ಅವತ್ತು ಅಂಗಡಿಗೇ ಬಂದು ಎರಡೂ ಕೈ ಅಗಲಿಸಿ ನಿಂತರು.

"ಇಬ್ರಾಹಿಂ ಸಾಹೇಬ್ರ, ಒಂದು ಛಲೋ ಕೋಟು ಹೊಲೀರಿ. ಬರೂ ಗುರುವಾರ ನನಗ ಬೀಳ್ಕೊಡುಗೆ ಐತ್ರಿ. ನೌಕರಿ ಖಲಾಸ್!"

"ಹೋಗುವಾಗ ಎಂತ ಕೊಡ್ತಾರೆ?" ಎಂದೆ, ಟೇಪು ಸುತ್ತುತ್ತಾ.

"ಇಪ್ಪತ್ತಾರು ವರ್ಷದ ಗ್ರ್ಯಾಚುಯಿಟಿ ಒಮ್ಮೆಗೇ ಬರ್ತೈತ್ರಿ. ವಿಮಾನದ ಟಿಕೀಟು, ಒಂದು ಗಡಿಯಾರ, ಮ್ಯಾಲೊಂದು ಊಟ. ನಮ್ಮ ಶರಣವ್ವ ಆಗಲೇ ಹೇಳಿಬಿಟ್ಟಾಳ, ಇನ್ನ ಮ್ಯಾಲ ಕಾಲ ಮ್ಯಾಲ ಕಾಲ ಹಾಕ್ಕೊಂಡು ಕುಂದರ್ರಿ ಅಂತ." ಇಷ್ಟು ಹೇಳಿ ಅವರು ನಿಶ್ಚಿಂತೆಯಿಂದ ಹೊಟ್ಟೆ ಸಡಿಲ ಬಿಟ್ಟರು. ಟೇಪು ಎರಡು ಇಂಚು ಮುಂದೆ ಹೋಯಿತು. "ಅಂದಂಗ, ನಿಮಗ ಯಾವಾಗ್ರಿ ನಿವೃತ್ತಿ?"

ನಾನು ಒಮಾನಿಗೆ ಬಂದು ಮೂವತ್ತೇಳು ವರ್ಷವಾಯಿತು. ಬತಾಕ (ಇಲ್ಲಿಯ ಗುರುತಿನ ಚೀಟಿ) ಎಲ್ಲಿ ಎಂದು ಪೊಲೀಸರು ಕೇಳಿದ್ದಾರೆ. ಅಂಗಿ ಯಾವಾಗ ಎಂದು ಗಿರಾಕಿಗಳು ಕೇಳಿದ್ದಾರೆ. ಊರಿಗೆ ಯಾವಾಗ ಬರುತ್ತೀ, ಬರುವಾಗ ಎಂತ ತರುತ್ತೀ ಎಂದು ನೆಂಟರು ಕೇಳಿದ್ದಾರೆ. ನಿವೃತ್ತಿ ಯಾವಾಗ ಎಂದು ಒಬ್ಬನೂ ಕೇಳಿರಲಿಲ್ಲ. ಈಗ ಸೂಜಿಗೆ ನೂಲು ಪೋಣಿಸಲು ನನಗೆ ಮೂರು ಸಲ ಬೇಕು. ಪೆಡಲ್ ಒತ್ತಿ ಒತ್ತಿ ಬಲಗಾಲಿನ ಮಂಡಿ ಮೆಟ್ಟಿಲು ಹತ್ತುವಾಗ ಕಟಕಟ ಎನ್ನುತ್ತದೆ. ಕೂರಬೇಕು, ಮಿಷನ್ ಮುಂದೆ ಅಲ್ಲ, ಸೋಫಾದ ಮೇಲೆ ಸುಮ್ಮನೆ ಕೂರಬೇಕು ಎಂಬ ಆಸೆ ಅವತ್ತು ನನ್ನೊಳಗೆ ಹುಟ್ಟಿತು. ಹುಟ್ಟಿದ್ದು ಹೋಗಲೇ ಇಲ್ಲ.

ಮಾರನೆಯ ದಿನ ನನ್ನ ಕಫೀಲ್ (ವೀಸಾಕ್ಕೂ ಲೈಸೆನ್ಸಿಗೂ ಹೆಸರು ಕೊಡುವ ಇಲ್ಲಿಯ ಪ್ರಾಯೋಜಕ) ಬಂದರು. ಈಗ ಅಂಗಡಿಯ ಲೈಸೆನ್ಸ್ ನನ್ನ ಹೆಸರಿನಲ್ಲೇ ಉಂಟು, ಕಫೀಲರ ಅಗತ್ಯವಿಲ್ಲ. ಆದರೂ ಬಾಯಿಗೆ ಅದೇ ಬರುತ್ತದೆ. ಬರ್ಕಾದಲ್ಲಿ ಖರ್ಜೂರದ ತೋಟ ಮಾಡುವ ಹಿರಿಯರು, ಎಪ್ಪತ್ತು ದಾಟಿದೆ, ಪ್ರತಿ ಹಬ್ಬಕ್ಕೂ ದಿಶ್‌ದಾಶಾ (ಇಲ್ಲಿಯ ಗಂಡಸರು ತೊಡುವ ಕಾಲಿನವರೆಗಿನ ಬಿಳಿ ನಿಲುವಂಗಿ) ಹೊಲಿಸಲು ನನ್ನಲ್ಲಿಗೇ ಬರುತ್ತಾರೆ. ತೋಟ ಮಾಡುವವರಿಗೆ ನಿವೃತ್ತಿ ಹೇಗೆ ಎಂದು ಕೇಳಿದೆ. ನಕ್ಕರು. "ಇಬ್ರಾಹಿಂ, ನನಗೆ ಏಳು ಮಕ್ಕಳು, ಇನ್ನೂರು ಖರ್ಜೂರದ ಮರ. ಮಕ್ಕಳು ಕೇಳುತ್ತಾರೆ, ಮರ ಕೊಡುತ್ತದೆ. ನಿನಗೆ ಎಷ್ಟು ಮರ ಉಂಟು?" ನನಗೆ ಇರುವುದು ಒಂದು ಮಗಳು, ಎರಡು ಮಿಷನ್. ಅದರಲ್ಲಿ ಒಂದರ ಮೋಟರು ಹೋಗಿದೆ.

ಮನೆಗೆ ಬಂದು ಹೆಂಡತಿ ಹಸೀಬಾಳ ಮುಂದೆ ಈ ಸಂಕಟವನ್ನೆಲ್ಲ ತೋಡಿಕೊಂಡೆ. (ನಾವು ಮನೆಯಲ್ಲಿ ಜಗಳ ಮಾಡುವುದು ಬ್ಯಾರಿ ಭಾಷೆಯಲ್ಲಿ. ನಿಮಗಾಗಿ ಕನ್ನಡ ಮಾಡಿದ್ದೇನೆ. ಮಾಡುವಾಗ ಖಾರ ಸ್ವಲ್ಪ ಕಮ್ಮಿಯಾಗಿದೆ, ಅದು ನನ್ನ ಮರ್ಯಾದೆಗೂ ಒಳ್ಳೆಯದೇ.) ಅವಳು ಊಟದ ಮೇಜಿನ ತುದಿಯಲ್ಲಿ ಕೂತು ಕುಚ್ಚು ಕಟ್ಟುತ್ತಿದ್ದಳು. ಒಮಾನಿ ದಿಶ್‌ದಾಶಾದ ಕತ್ತಿನ ಬಳಿ ನೂಲಿನ ಒಂದು ಸಣ್ಣ ಕುಚ್ಚು ನೇತಾಡುತ್ತಿರುತ್ತದೆ. ಅದಕ್ಕೆ ಅತ್ತರು ಹಚ್ಚಿಕೊಳ್ಳುತ್ತಾರೆ. ಕುಚ್ಚು ಸೊಟ್ಟಗಾದರೆ ಇಡೀ ಅಂಗಿಯೇ ಸೊಟ್ಟಗೆ ಎಂದು ವಾಪಸು ಬರುತ್ತದೆ. ಮದುವೆಯಾಗಿ ಬಂದ ವರ್ಷದಿಂದ ನನ್ನ ಅಂಗಡಿಯ ಅಷ್ಟೂ ಕುಚ್ಚು ಕಟ್ಟಿದವಳು ಹಸೀಬಾ, ಅಡುಗೆ ಮುಗಿದ ಮೇಲೆ.

"ನಿಮಗೆ ನಿವೃತ್ತಿ ಬೇಕಾ? ಆಗಿ" ಎಂದಳು, ತಲೆಯೆತ್ತದೆ. "ಊಟಕ್ಕೆ ಎಂತ ಮಾಡುದು?"

ಆಗ ಬಾಯಿ ಹಾಕಿದ್ದು ಮಗಳು ಫಾಯಿಝಾ. ಹದಿನೇಳು ವರ್ಷ, ಹನ್ನೆರಡನೇ ಕ್ಲಾಸು, ಕಾಮರ್ಸ್. ಅವಳ ಕ್ಲಾಸಿನಲ್ಲಿ ಯಾವುದೋ ಪ್ರಾಜೆಕ್ಟ್ ನಡೆಯುತ್ತಿತ್ತು: ಬೇರೆ ಬೇರೆ ದೇಶಗಳಲ್ಲಿ ನಿವೃತ್ತಿಯ ಹಣ ಹೇಗೆ, ಯಾರು ಕಟ್ಟುತ್ತಾರೆ, ಯಾರಿಗೆ ಸಿಗುತ್ತದೆ. "ಉಪ್ಪ, ನಾರ್ಮಲಿ ಹಾಫ್ ವರ್ಕರ್ ಪೇ ಮಾಡ್ತಾನೆ, ಹಾಫ್ ಕಂಪನಿ. ಬಟ್ ಅಮೆರಿಕದಲ್ಲಿ ಸೆಲ್ಫ್ ಎಂಪ್ಲಾಯ್ಡ್ ಆದ್ರೆ ಬೋತ್ ಸೈಡ್ಸ್ ಅವರೇ ಪೇ ಮಾಡ್ಬೇಕು. ಫಾರ್ಮರ್ಸ್ ಕೂಡ."

"ಎರಡೂ ಪಾಲು ಒಬ್ಬನೇ?"

"ಯೆಸ್. ಆಮೇಲೆ ಓಲ್ಡ್ ಆದಾಗ ಪೆನ್ಷನ್ ಬರುತ್ತೆ."

ನನ್ನ ತಲೆಯಲ್ಲಿ ಬಲ್ಬು ಹೊತ್ತಿತು. (ನನ್ನ ತಲೆಯಲ್ಲಿ ಬಲ್ಬು ಹೊತ್ತಿದಾಗಲೆಲ್ಲ ಬಿಲ್ಲು ಯಾರು ಕಟ್ಟುವುದು ಎಂದು ಹಸೀಬಾ ಕೇಳುತ್ತಾಳೆ.) ಯಾವ ಸರಕಾರವೂ ನನಗೆ ಪಿಂಚಣಿ ಕೊಡದಿದ್ದರೆ ನನ್ನ ಮನೆಯೇ ಕೊಡಲಿ! ಅದೇ ಸಂಜೆ 'ಅಲ್ ಗುಬ್ರಾ ಗೃಹ ಸಾಮಾಜಿಕ ಭದ್ರತಾ ನಿಧಿ' ಅಸ್ತಿತ್ವಕ್ಕೆ ಬಂತು. ನಿಧಿಯ ಕೇಂದ್ರ ಕಚೇರಿ ನಮ್ಮ ಅಡುಗೆಮನೆಯ ಮೇಲಿನ ಶೆಲ್ಫ್. ಖಜಾನೆ ಹಾಲಿನ ಪುಡಿಯ ಹಳದಿ ಡಬ್ಬಿ. ಸಂಸ್ಥಾಪಕ ಅಧ್ಯಕ್ಷ ನಾನು, ಖಜಾಂಚಿ ಹಸೀಬಾ, ಕಾರ್ಯದರ್ಶಿ ಫಾಯಿಝಾ. ತಿಂಗಳಿಗೆ ನೌಕರನ ಪಾಲು ಇಪ್ಪತ್ತು ರಿಯಾಲ್, ಮಾಲೀಕನ ಪಾಲು ಇಪ್ಪತ್ತು. ನಿವೃತ್ತಿಯ ನಂತರ ತಿಂಗಳಿಗೆ ನಲವತ್ತು ರಿಯಾಲ್ ಪಿಂಚಣಿ.

ನಿಯಮಾವಳಿಯನ್ನು ನಾನು ಬಾಯಲ್ಲಿ ಹೇಳಿದೆ, ಫಾಯಿಝಾ ಬರೆದುಕೊಂಡಳು. ಒಂದೊಂದು ನಿಯಮದ ಹಿಂದೆಯೂ ನನ್ನ ದೂರದೃಷ್ಟಿ ಇತ್ತು ಎಂಬುದನ್ನು ದಯವಿಟ್ಟು ಗಮನಿಸಬೇಕು.

ಮೊದಲನೆಯದಾಗಿ, ವಯಸ್ಸನ್ನು ಪಾಸ್‌ಪೋರ್ಟ್ ಪ್ರಕಾರವೇ ಎಣಿಸತಕ್ಕದ್ದು. ಇದರ ಗುಟ್ಟು ನನಗೆ ಮಾತ್ರ ಗೊತ್ತು. ನಾನು ಎಂಬತ್ತೆಂಟರಲ್ಲಿ ಗಲ್ಫಿಗೆ ಬರುವಾಗ ನನಗೆ ಹದಿನೆಂಟು. ಇಪ್ಪತ್ತೊಂದು ಆಗದಿದ್ದರೆ ವೀಸಾ ಇಲ್ಲ ಎಂದು ಏಜೆಂಟ್ ಹೇಳಿದ. ಹೇಳಿದವನೇ ಪಾಸ್‌ಪೋರ್ಟಿನಲ್ಲಿ ನನ್ನನ್ನು ಮೂರು ವರ್ಷ ಮೊದಲೇ ಹುಟ್ಟಿಸಿದ. ಹಾಗಾಗಿ ನಿಜವಾಗಿ ಐವತ್ತೈದಾದರೂ ಕಾಗದದಲ್ಲಿ ನನಗೆ ಐವತ್ತೆಂಟು. ಅರವತ್ತಕ್ಕೆ ಎರಡೇ ವರ್ಷ! ಆ ಏಜೆಂಟ್ ಈಗ ಎಲ್ಲಿದ್ದಾನೋ, ಅವನಿಗೆ ಒಳ್ಳೆಯದಾಗಲಿ.

ಎರಡನೆಯದಾಗಿ, ಸೇವೆಯನ್ನು ಈ ದೇಶಕ್ಕೆ ಬಂದ ಮೊದಲ ವೀಸಾದಿಂದಲೇ ಲೆಕ್ಕ ಹಿಡಿಯತಕ್ಕದ್ದು. ಮೂವತ್ತೇಳು ವರ್ಷ ದುಡಿದವನು ಎರಡು ವರ್ಷ ಚಂದಾ ಕಟ್ಟಿ ಪಿಂಚಣಿ ತಗೊಂಡ ಎಂದು ಯಾರೂ ಆಡಿಕೊಳ್ಳಬಾರದಲ್ಲ.

ಅಷ್ಟರಲ್ಲಿ ಹಸೀಬಾ, "ನನಗೆ?" ಎಂದಳು.

ಆ ಕ್ಷಣದಲ್ಲಿ ನನ್ನ ಉದಾರತೆ ಉಕ್ಕಿ ಹರಿಯಿತು. "ನೀನೂ ಸದಸ್ಯೆಯೇ ಮಾರಾಯ್ತಿ! ಕುಚ್ಚು ಕಟ್ಟುವುದು ಕೆಲಸ ಅಲ್ವಾ? ಗಂಡಸರಿಗೆ ಅರವತ್ತು, ಹೆಂಗಸರಿಗೆ ಐವತ್ತೈದು. ಐದು ವರ್ಷ ಮೊದಲೇ. ಬರೆ, ಫಾಯಿಝಾ."

"ಉಮ್ಮನ ಕಾಂಟ್ರಿಬ್ಯೂಷನ್?"

"ಅವಳ ಚಂದಾ ಕುಚ್ಚಿನ ಕೆಲಸದ ಮೂಲಕವೇ ಸಂದಾಯವಾಗಿದೆ ಎಂದು ತಿಳಿಯತಕ್ಕದ್ದು." (ಇನ್ನೂ ನಲವತ್ತು ರಿಯಾಲ್ ನಾನು ಎಲ್ಲಿಂದ ತರಲಿ?) ಹಸೀಬಾಳಿಗೆ ನಲವತ್ತೆಂಟು. ಐವತ್ತೈದಕ್ಕೆ ಏಳು ವರ್ಷ ಉಂಟು. ಅಷ್ಟರಲ್ಲಿ ನಾನು ಐದು ವರ್ಷ ಪಿಂಚಣಿ ತಿಂದಿರುತ್ತೇನೆ ಎಂದು ಲೆಕ್ಕ ಹಾಕಿಯೇ ಉದಾರನಾದೆ.

ಆಮೇಲೆ ನನ್ನ ಅತ್ಯಂತ ಪ್ರೀತಿಯ ನಿಯಮ. ನಿವೃತ್ತರು ಮನೆಯ ಒಳಗಾಗಲಿ ಹೊರಗಾಗಲಿ ಯಾವ ಕೆಲಸವನ್ನೂ ಮಾಡತಕ್ಕದ್ದಲ್ಲ, ಮಾಡಿದಲ್ಲಿ ಪಿಂಚಣಿ ನಿಲ್ಲತಕ್ಕದ್ದು. ಇದನ್ನು ಯಾಕೆ ಹಾಕಿಸಿದೆ ಎಂದು ಮದುವೆಯಾದ ಗಂಡಸರಿಗೆ ವಿವರಿಸಬೇಕಾಗಿಲ್ಲ. ಸೋಫಾದಲ್ಲಿ ಕೂತವನನ್ನು ಮೀನು ತರಲಿಕ್ಕೆ, ಗ್ಯಾಸ್ ಸಿಲಿಂಡರ್ ತರಿಸಲಿಕ್ಕೆ, ಬಾತ್‌ರೂಮಿನ ನಲ್ಲಿ ನೋಡಲಿಕ್ಕೆ ಎಬ್ಬಿಸುವುದು ನಮ್ಮ ಹೆಂಗಸರ ಹುಟ್ಟುಗುಣ. ಕಾನೂನೇ ಅಡ್ಡ ನಿಂತರೆ ಯಾರು ಎಬ್ಬಿಸುತ್ತಾರೆ?

"ಆಗ ಆ ಕೆಲಸ ಯಾರು ಮಾಡುದು?" ಎಂದಳು ಹಸೀಬಾ.

"ನಿವೃತ್ತರ ಕೆಲಸವನ್ನೂ ಖರ್ಚನ್ನೂ ದುಡಿಯುತ್ತಿರುವ ಸದಸ್ಯರು ಹೊರತಕ್ಕದ್ದು. ಬರೆ." ಕೊನೆಗೆ, ಹಸೀಬಾ ಬೆಳಿಗ್ಗೆ ಒಪ್ಪಿ ಸಂಜೆ ಬದಲಿಸುವ ಜನ ಎಂದು ಗೊತ್ತಿದ್ದರಿಂದ, ಮೂವರೂ ಸಹಿ ಹಾಕದೆ ಯಾವ ನಿಯಮವನ್ನೂ ತಿದ್ದುವಂತಿಲ್ಲ ಎಂದು ಗಟ್ಟಿ ಬೀಗ ಜಡಿದೆ. ಎಲ್ಲರೂ ಸಹಿ ಹಾಕಿದರು. ಅಂಗಡಿಯ ಸೀಲನ್ನೂ ಒತ್ತಿದೆ.

ಮೊದಲ ತಿಂಗಳ ಕೊನೆಯಲ್ಲಿ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಸಂಬಳ ಕಡಿತದ ಕಾರ್ಯಕ್ರಮ ನಡೆಯಿತು. ಬಲ ಜೇಬಿನಿಂದ ಇಪ್ಪತ್ತು ರಿಯಾಲ್ ತೆಗೆದು, ಇದು ನೌಕರನ ಪಾಲು ಎಂದೆ. ನೌಕರನಿಗೆ ಹೊಟ್ಟೆ ಉರಿಯಿತು. ಎಡ ಜೇಬಿಗೆ ಕೈ ಹಾಕಿ, ಮಾಲೀಕನ ಪಾಲು ಎಂದೆ. ಮಾಲೀಕ ಕೂಡಲೇ ವ್ಯಾಪಾರ ಡಲ್ಲಾಗಿದೆ, ಕರೆಂಟ್ ಬಿಲ್ಲು ಬಂದಿದೆ, ಈ ತಿಂಗಳು ಹತ್ತು ಸಾಕಲ್ಲವಾ ಎಂದು ಗೋಳು ತೆಗೆದ. "ನೀವು ಮಾಲೀಕರೆಲ್ಲ ಹೀಗೆಯೇ!" ಎಂದು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಬಾಗಿಲಿನಲ್ಲಿ ಒಬ್ಬ ಗಿರಾಕಿ ನಿಂತಿದ್ದ. ಅಂಗಿಯ ಬಟ್ಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹಾಗೆಯೇ ಹಿಂದೆ ಹೋದ.

ಹಸೀಬಾ ಖಜಾಂಚಿಯಾಗಿ ಎಷ್ಟು ಶಿಸ್ತು ಎಂದರೆ, ಮೂರನೇ ತಿಂಗಳು ಮಿಷನ್ನಿನ ಮೋಟರಿಗೆಂದು ಡಬ್ಬಿಯಿಂದ ಮೂವತ್ತು ರಿಯಾಲ್ ಕೇಳಿದ್ದಕ್ಕೆ ಅರ್ಜಿ ಬರೆಯಿರಿ ಎಂದಳು. ಬರೆದೆ. ಎರಡು ದಿನ ಬಿಟ್ಟು ಸೌಟು ಹಿಡಿದೇ ಉತ್ತರ ಕೊಟ್ಟಳು: "ಅರ್ಜಿ ರಿಜೆಕ್ಟ್. ಅರವತ್ತಾಗುವ ಮೊದಲು ತೆಗೀಲಿಕ್ಕಿಲ್ಲ." ನನಗೆ ಸಿಟ್ಟು ಬಂತು, ಒಳಗೊಳಗೆ ಸಂತೋಷವೂ ಆಯಿತು. ನನ್ನ ಮುಪ್ಪಿನ ಹಣ ಭದ್ರವಾದ ಕೈಯಲ್ಲಿ ಉಂಟು ಎಂದುಕೊಂಡೆ. ಅಂತೂ ಐದು ತಿಂಗಳಲ್ಲಿ ಡಬ್ಬಿಯಲ್ಲಿ ಇನ್ನೂರು ರಿಯಾಲ್ ಸೇರಿತು. ದಿನಾ ಊಟ ಮಾಡುವಾಗ ಕತ್ತೆತ್ತಿ ಅದನ್ನೊಮ್ಮೆ ನೋಡುವುದು ನನಗೆ ಅಭ್ಯಾಸವಾಯಿತು.

ಹಾಳಾದದ್ದು ಒಂದು ಶುಕ್ರವಾರ ಮಧ್ಯಾಹ್ನ. ಜುಮಾ ಮುಗಿಸಿ ಬಂದು ಬಿರಿಯಾನಿಗೆ ಕಾಯುತ್ತಾ ಕೂತಿದ್ದೆ. ಹಸೀಬಾಳ ಬತಾಕದ ಅವಧಿ ಮುಗಿಯಲಿಕ್ಕೆ ಬಂದಿತ್ತು. ಇಷ್ಟು ವರ್ಷ ಆ ಕಾಗದಗಳನ್ನೆಲ್ಲ ಟೈಪಿಂಗ್ ಸೆಂಟರಿನವರೇ ನೋಡಿಕೊಳ್ಳುತ್ತಿದ್ದರು. ಈ ಸಲ ಫಾಯಿಝಾ, ಫೋನಿನಲ್ಲೇ ಆಗುತ್ತದೆ, ದುಡ್ಡು ಉಳಿಯುತ್ತದೆ ಎಂದು ಕೂತಳು. ದುಡ್ಡು ಉಳಿಯುತ್ತದೆ ಎಂದ ಕೂಡಲೇ ನಾನು ಕಪಾಟಿನಿಂದ ಹೊಸ ಹಳೆಯ ಪಾಸ್‌ಪೋರ್ಟುಗಳನ್ನೆಲ್ಲ ತೆಗೆದುಕೊಟ್ಟೆ. ಹೌದು, ಈ ಕೈಯಿಂದಲೇ.

"ಉಮ್ಮಾ," ಎಂದಳು ಫಾಯಿಝಾ, "ನಿಮ್ಗೆ ಫಿಫ್ಟಿ ಸೆವೆನ್ನಾ?"

"ಯಾರಿಗೆ?" ಹಸೀಬಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು.

"ಇಲ್ಲಿ ಉಂಟು ನೋಡಿ. ಬರ್ತ್ ಇಯರ್ ನೈನ್ಟೀನ್ ಸಿಕ್ಸ್ಟಿ ಎಯ್ಟ್."

ನನಗೆ ಎಲ್ಲ ಒಮ್ಮೆಗೇ ನೆನಪಾಯಿತು. ತೊಂಬತ್ತೆಂಟರಲ್ಲಿ ನಮಗೆ ಮದುವೆಯಾದಾಗ ನನ್ನ ಸಂಪಾದನೆಗೆ ಫ್ಯಾಮಿಲಿ ವೀಸಾ ಸಿಗುತ್ತಿರಲಿಲ್ಲ. ಹೊಸ ಹೆಂಡತಿಯನ್ನು ಬಿಟ್ಟಿರಲು ನನಗೆ ಆಗುತ್ತಿರಲಿಲ್ಲ. (ನಗಬೇಡಿ. ಆಗ ನನ್ನ ತಲೆಯಲ್ಲಿ ಕೂದಲಿತ್ತು, ಎದೆಯಲ್ಲಿ ಪ್ರೇಮವಿತ್ತು.) ಕಫೀಲರು ದೊಡ್ಡ ಮನಸ್ಸು ಮಾಡಿ ತಮ್ಮ ಹೆಸರಿನಲ್ಲಿ ಮನೆಗೆಲಸದವಳ ವೀಸಾ ತೆಗೆದುಕೊಟ್ಟರು. ಮನೆಗೆಲಸಕ್ಕೆ ಬರುವ ಹೆಂಗಸಿಗೆ ಮೂವತ್ತು ಆಗಿರಬೇಕು ಎಂದ ಅದೇ ಏಜೆಂಟ್. ಹಸೀಬಾಳಿಗೆ ಇಪ್ಪತ್ತೊಂದು. ಅವನು ಒಂದು ಮಾತೂ ಆಡದೆ ಒಂಬತ್ತು ವರ್ಷ ಸೇರಿಸಿದ. ವೀಸಾ ಬದಲಾಯಿತು, ಪಾಸ್‌ಪೋರ್ಟುಗಳು ಮೂರು ಸಲ ಹೊಸದಾದವು, ಹುಟ್ಟಿದ ವರ್ಷ ಮಾತ್ರ ಹಾಗೆಯೇ ಉಳಿಯಿತು. ನನ್ನ ಮೂರು ವರ್ಷವನ್ನು ನೆನಪಿಟ್ಟುಕೊಂಡವನು ಅವಳ ಒಂಬತ್ತನ್ನು ಮರೆತೇಬಿಟ್ಟಿದ್ದೆ.

ಫಾಯಿಝಾ ನಿಯಮಾವಳಿ ತಂದಳು. ಅವಳ ಮುಖದಲ್ಲಿ ಪ್ರಾಜೆಕ್ಟಿಗೆ ನೂರಕ್ಕೆ ನೂರು ಸಿಗುವ ಕಳೆ ಇತ್ತು. "ವಯಸ್ಸು ಪಾಸ್‌ಪೋರ್ಟ್ ಪ್ರಕಾರ. ಹೆಂಗಸರಿಗೆ ಐವತ್ತೈದು. ಸೇವೆ ಮೊದಲ ವೀಸಾದಿಂದ." ಹಳೆಯ ಪಾಸ್‌ಪೋರ್ಟ್ ಬಿಡಿಸಿ ಹಿಡಿದಳು. "ಫಸ್ಟ್ ವೀಸಾ ನೈನ್ಟಿ ಎಯ್ಟ್. ಪ್ರೊಫೆಷನ್, ಹೌಸ್‌ಮೇಡ್. ಉಪ್ಪ, ಉಮ್ಮ ಆಫಿಷಿಯಲಿ ವರ್ಕರ್! ಟ್ವೆಂಟಿ ಸೆವೆನ್ ಇಯರ್ಸ್! ರಿಟೈರ್ ಆಗಿ ಆಲ್‌ರೆಡಿ ಟೂ ಇಯರ್ಸ್!"

ಹಸೀಬಾ ಒಳಗೆ ಹೋದಳು. ಗ್ಯಾಸಿನ ಗುಂಡಿ ಟಪ್ಪೆಂದು ತಿರುಗಿದ ಸದ್ದು ಕೇಳಿತು. ಹೊರಗೆ ಬಂದು ಸೋಫಾದ ಮೇಲೆ, ನಾನು ಎರಡು ವರ್ಷದ ನಂತರಕ್ಕೆಂದು ಮನಸ್ಸಿನಲ್ಲೇ ಕಾದಿರಿಸಿದ್ದ ಆ ಮೂಲೆಯಲ್ಲೇ, ಕಾಲು ಮೇಲೆ ಹಾಕಿ ಕೂತಳು.

"ಬಿರಿಯಾನಿ?" ಎಂದೆ.

"ದಮ್ಮಿಗೆ ಇಟ್ಟಿಲ್ಲ. ಅರ್ಧ ಆಗಿದೆ. ಉಳಿದದ್ದನ್ನು ದುಡಿಯುತ್ತಿರುವ ಸದಸ್ಯರು ನೋಡಿಕೊಳ್ಳತಕ್ಕದ್ದು."

"ಅದೆಲ್ಲ ಸುಳ್ಳು ಪಾಸ್‌ಪೋರ್ಟು ಹಸೀಬಾ! ನಿನಗೆ ಎಲ್ಲಿಯ ಐವತ್ತೇಳು? ಮದುವೆಯಾಗುವಾಗ ನಿನಗೆ ಇಪ್ಪತ್ತೊಂದು."

"ನನ್ನದು ಸುಳ್ಳಾದರೆ ನಿಮ್ಮದೂ ಸುಳ್ಳು."

"ನನ್ನದು ಸ್ವಲ್ಪ ಸುಳ್ಳು. ನಿನ್ನದು ಜಾಸ್ತಿ ಸುಳ್ಳು. ನಾವು ಪಾಸ್‌ಪೋರ್ಟನ್ನೇ ಬಿಡುವ. ಊರಿನ ಮಸೀದಿಯ ನಿಕಾಹ್ ರಿಜಿಸ್ಟರಿನಲ್ಲಿ ನಿಜವಾದ ವಯಸ್ಸು ಉಂಟು. ಅದನ್ನೇ ತರಿಸುವ. ಅದರ ಪ್ರಕಾರ ಯಾರ ನಿವೃತ್ತಿ ಯಾವಾಗ ಬರ್ತದೋ ಆವಾಗ!"

"ರಿಜಿಸ್ಟರೇ ಆಗಬಹುದಾ? ಮತ್ತೆ ಮಾತು ಬದಲಿಸ್ಲಿಕ್ಕಿಲ್ಲ."

"ಇಬ್ರಾಹಿಂ ಮಾತು ಬದಲಿಸುವವನಲ್ಲ" ಎಂದು ಎದೆ ತಟ್ಟಿದೆ. ಹಸೀಬಾಳಿಗೆ ಏಳು ವರ್ಷ, ನನಗೆ ಐದು ವರ್ಷ. ಮೂರು ವರ್ಷ ಕಳೆದುಕೊಂಡರೂ ಮೊದಲು ಕೂರುವವನು ನಾನೇ. ಅದು ಸಾಕು ನನಗೆ.

ಹಸೀಬಾ ಊರಿಗೆ ಅವಳ ಅಣ್ಣ ಮುಸ್ತಫಾನಿಗೆ ಮೆಸೇಜು ಕಳಿಸಿದಳು. ಮುಸ್ತಫಾ ಮಸೀದಿಯ ಜಮಾಅತ್ ಕಮಿಟಿಯಲ್ಲಿದ್ದಾನೆ. ನಾನು ಕಳಿಸಿದ ಮೆಸೇಜಿಗೆ ಉತ್ತರ ಕೊಡಲು ವಾರ ತೆಗೆದುಕೊಳ್ಳುವ ಮನುಷ್ಯ. ಅವತ್ತು ಅರ್ಧ ಗಂಟೆಯಲ್ಲಿ ರಿಜಿಸ್ಟರಿನ ಪುಟವನ್ನೇ ಫೋಟೋ ಹೊಡೆದು ಕಳಿಸಿದ. ಫಾಯಿಝಾ ಅದನ್ನು ದೊಡ್ಡದು ಮಾಡಿ ಓದಿದಳು.

"ಬ್ರೈಡ್, ಟ್ವೆಂಟಿ ಒನ್."

"ನೋಡಿದ್ಯಾ!" ಎಂದೆ.

"ಗ್ರೂಮ್, ಟ್ವೆಂಟಿ ಫೈವ್."

ಮದುವೆಯ ದಿನ ನನಗೆ ಇಪ್ಪತ್ತೆಂಟು. ಆದರೆ ಹಸೀಬಾಳ ಉಪ್ಪ, ಹುಡುಗನಿಗೆ ವಯಸ್ಸು ಜಾಸ್ತಿಯಾಯಿತೇನೋ ಎಂದು ಅನುಮಾನ ಪಡುತ್ತಿದ್ದಾರೆ ಎಂದು ಯಾರೋ ಹೇಳಿದ್ದರಿಂದ, ಮಸೀದಿಯಲ್ಲಿ ಬರೆಸುವಾಗ ಬಾಯಿಗೆ ಇಪ್ಪತ್ತೈದು ಬಂದುಬಿಟ್ಟಿತ್ತು.

ಫಾಯಿಝಾ ಬೆರಳು ಮಡಚಿದಳು. "ಸೋ ಉಪ್ಪ, ರಿಜಿಸ್ಟರ್ ಪ್ರಕಾರ ನಿಮ್ಗೆ ಫಿಫ್ಟಿ ಟೂ. ರಿಟೈರ್ ಆಗ್ಲಿಕ್ಕೆ ಎಯ್ಟ್ ಇಯರ್ಸ್. ಉಮ್ಮನಿಗೆ ಸೆವೆನ್. ಉಮ್ಮನೇ ಫಸ್ಟ್."

ಗಲ್ಫಿಗಾಗಿ ಮೂರು ವರ್ಷ ದೊಡ್ಡವನಾಗಿ, ಮಾವನಿಗಾಗಿ ಮೂರು ವರ್ಷ ಚಿಕ್ಕವನಾದವನು ನಾನು. ಯಾವ ಪುಸ್ತಕ ಬಿಡಿಸಿದರೂ ಅವಳೇ ಮೊದಲು. "ಅದೂ ತಪ್ಪು..." ಎಂದು ಬಾಯಿ ತೆರೆದೆ.

"ತಪ್ಪಾ?" ಹಸೀಬಾ ಸೋಫಾದಲ್ಲೇ ನೆಟ್ಟಗಾದಳು. "ನನ್ನ ಉಪ್ಪನ ಎದುರಿಗೆ, ಮಸೀದಿಯಲ್ಲಿ ಕೂತು, ನೀವೇ ಬಾಯಲ್ಲಿ ಹೇಳಿದ ವಯಸ್ಸು. ಅದು ಸುಳ್ಳಾ?"

ನನ್ನ ನಿಜವಾದ ವಯಸ್ಸಿಗೆ ಈ ಲೋಕದಲ್ಲಿ ಉಳಿದಿರುವ ಸಾಕ್ಷಿ ನನ್ನ ಬಲಗಾಲಿನ ಮಂಡಿ ಒಂದೇ. ಅದರ ಮಾತನ್ನು ಯಾರೂ ಬರೆದುಕೊಂಡಿಲ್ಲ. ಎಂಟು ವರ್ಷ ಕಾಯುವುದಕ್ಕಿಂತ ಪಾಸ್‌ಪೋರ್ಟಿನ ಎರಡು ವರ್ಷವೇ ವಾಸಿ ಎನಿಸಿತು. "ಇಲ್ಲ ಇಲ್ಲ, ಸುಳ್ಳಲ್ಲ" ಎಂದೆ. "ಪಾಸ್‌ಪೋರ್ಟೇ ಇರಲಿ ಅಂತ ಹೇಳಲಿಕ್ಕೆ ಹೊರಟದ್ದು. ಸರಕಾರಿ ಕಾಗದ ನೋಡು, ಅದಕ್ಕೆ ಗೌರವ ಕೊಡಬೇಕು."

"ಮಾತು ಬದಲಿಸಿದ್ರಾ?"

"ನನಗಾಗಿ ಅಲ್ಲ. ನಿನಗಾಗಿ."

"ಹಾಗಾದ್ರೆ ಎರಡು ವರ್ಷದ ಬಾಕಿ ಪಿಂಚಣಿ" ಎಂದಳು ಹಸೀಬಾ. ಫಾಯಿಝಾ ಒಂಬೈನೂರ ಅರವತ್ತು ರಿಯಾಲ್ ಎಂದಳು. ಡಬ್ಬಿಯಲ್ಲಿ ಇದ್ದದ್ದು ಇನ್ನೂರು. ನಾನು ಎರಡೂ ಕೈ ಜೋಡಿಸಿದೆ. ಹಸೀಬಾ, "ಬಾಕಿ ಬೇಡ. ದಿನಾ ಬೆಳಿಗ್ಗೆ ನಾನು ಏಳುವ ಮೊದಲು ಒಂದು ಗ್ಲಾಸು ಚಹಾ ಮಾಡಿ ಕೊಡಿ. ಇಪ್ಪತ್ತೇಳು ವರ್ಷದಲ್ಲಿ ನನಗೆ ಯಾರೂ ಮಾಡಿ ಕೊಟ್ಟದ್ದಿಲ್ಲ" ಎಂದಳು.

ಅವಳು ಜಗಳದ ದನಿಯಲ್ಲಿ ಹೇಳಿದ್ದರೆ ನಾನೂ ಎರಡು ಮಾತು ಹೇಳುತ್ತಿದ್ದೆ. ಹಾಗೆ ಹೇಳಲಿಲ್ಲ. ಸೋಫಾದಲ್ಲಿ ಕೂತಿದ್ದ ಅವಳ ಕೈಬೆರಳುಗಳು ನೂಲಿಲ್ಲದೆಯೇ ಕುಚ್ಚು ಕಟ್ಟುವ ಹಾಗೆ ಒಂದಕ್ಕೊಂದು ತಾಗುತ್ತಿದ್ದವು. ಏನೂ ಮಾಡದೆ ಕೂರುವುದು ಹೇಗೆ ಎಂದು ಅವುಗಳಿಗೆ ಗೊತ್ತಿರಲಿಲ್ಲ. ನಾನು ಕಂಡ ಹಾಗೆ ಅವಳು ಹೀಗೆ ಕೂತದ್ದು ಫಾಯಿಝಾ ಹುಟ್ಟಿದ ವಾರ ಮಾತ್ರ. ನನಗೆ ನಿಜವಾಗಿ ಬೇಜಾರಾಯಿತು. (ಹಸಿವೆಯೂ ಇತ್ತು, ಇಲ್ಲ ಎನ್ನುವುದಿಲ್ಲ.) ಎದ್ದು ಅಡುಗೆಮನೆಗೆ ಹೋದೆ. ಅವತ್ತು ನಾವು ತಿಂದದ್ದನ್ನು ಬಿರಿಯಾನಿ ಎಂದು ಕರೆದರೆ ಬಿರಿಯಾನಿಗೆ ಅವಮಾನ.

ಮರುದಿನದಿಂದ ನನ್ನ ಹೊಸ ದಿನಚರಿ ಸುರುವಾಯಿತು. ಐದೂವರೆಗೆ ನಿವೃತ್ತರ ಚಹಾ. ಆಮೇಲೆ ಮೀನು ಹೆಚ್ಚುವುದು, ಅನ್ನಕ್ಕೆ ಇಡುವುದು. ಆಮೇಲೆ ರೂವಿ, ಮಿಷನ್, ಪೆಡಲ್. ಸಂಜೆ ಬಂದು ಕುಚ್ಚು. ಅಡುಗೆ ಕಲಿಸುವುದು ಕೆಲಸಕ್ಕೆ ಸೇರುತ್ತದೆ, ಪಿಂಚಣಿ ಹೋಗುತ್ತದೆ ಎಂದು ಹಸೀಬಾ ಮೊದಲ ವಾರ ಉಪ್ಪಿನ ಡಬ್ಬಿ ಎಲ್ಲಿದೆ ಎಂದೂ ಹೇಳಲಿಲ್ಲ. "ಸಲಹೆ ಕೆಲಸವಾ?" ಎಂದು ಫಾಯಿಝಾಳನ್ನು ಕೇಳಿದೆ. "ಕನ್ಸಲ್ಟೆನ್ಸಿ ಉಪ್ಪ, ವೆರಿ ಎಕ್ಸ್‌ಪೆನ್ಸಿವ್" ಎಂದಳು. ತಿಂಗಳ ಕೊನೆಗೆ ಹಸೀಬಾ ತನ್ನ ಮೊದಲ ಪಿಂಚಣಿ ತೆಗೆದುಕೊಂಡು ಟ್ಯಾಕ್ಸಿಯಲ್ಲಿ ರೂವಿಗೆ ಬಂದು, ನನ್ನ ಅಂಗಡಿಯ ಎದುರಿನ ಹೋಟೆಲಿನಲ್ಲೇ ಕೂತು ಊಟ ಮಾಡಿದಳು. ಗಾಜಿನ ಆಚೆಯಿಂದ ನನಗೆ ಕೈ ಬೀಸಿದಳು. ನನಗೊಂದು ಪಾರ್ಸೆಲ್ ತರಬಹುದಿತ್ತಲ್ಲ ಎಂದರೆ, "ಹೊತ್ತು ತರುವುದೂ ಕೆಲಸವೇ" ಎಂದಳು.

ಕಫೀಲರು ಹೊಸ ದಿಶ್‌ದಾಶಾ ಒಯ್ದವರು ಮರುದಿನವೇ ವಾಪಸು ತಂದರು. ಕುಚ್ಚನ್ನು ಎರಡು ಬೆರಳಲ್ಲಿ ಹಿಡಿದು, "ಇದೇನು ಇಬ್ರಾಹಿಂ, ಆಡಿನ ಬಾಲವಾ? ನಿನ್ನ ಹೆಂಡತಿಗೆ ಹುಷಾರಿಲ್ಲವಾ?" ಎಂದರು.

"ಅವಳಿಗೆ ನಿವೃತ್ತಿಯಾಯಿತು" ಎಂದೆ.

ಅವರು ಕುರ್ಚಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ನನ್ನ ವೀಸಾದಲ್ಲಿ ಬಂದವಳು ನನಗಿಂತ ಮೊದಲೇ ನಿವೃತ್ತಳಾದಳು! ಯಲ್ಲಾ, ನನಗೂ ಒಂದು ಅರ್ಜಿ ಕೊಡು" ಎಂದರು. ಕುಚ್ಚನ್ನು ಮಾತ್ರ ಬಿಚ್ಚಿ ಹೊಸದಾಗಿ ಕಟ್ಟು ಎಂದು ಇಟ್ಟು ಹೋದರು.

ಇಷ್ಟರ ನಡುವೆ ನನಗೆ ಉಳಿದ ಒಂದೇ ಆಸೆ ಎಂದರೆ ಎರಡು ವರ್ಷ. ಪಾಸ್‌ಪೋರ್ಟಿನಲ್ಲಿ ಅರವತ್ತಾದ ದಿನ ನಾನೂ ಸೋಫಾದ ಇನ್ನೊಂದು ಮೂಲೆಯಲ್ಲಿ ಕೂರುತ್ತೇನೆ. ಮೊನ್ನೆ ಅದನ್ನೇ ಹೇಳಿದಾಗ ಫಾಯಿಝಾ ಪುಸ್ತಕದಿಂದ ತಲೆಯೆತ್ತಿದಳು. "ಬಟ್ ಉಪ್ಪ, ರಿಟೈರ್ಡ್ ಮೆಂಬರ್ಸಿನ ವರ್ಕ್ ಮತ್ತು ಖರ್ಚು ವರ್ಕಿಂಗ್ ಮೆಂಬರ್ಸ್ ನೋಡ್ಕೊಳ್ಬೇಕು ಅಂತ ನೀವೇ ಬರೆಸಿದ್ದು. ವರ್ಕಿಂಗ್ ಮೆಂಬರ್ ನೀವೊಬ್ರೇ. ನೀವೂ ರಿಟೈರ್ ಆದ್ರೆ ಯಾರು?"

"ನೀನು!"

"ನಾನು ಸ್ಟೂಡೆಂಟ್. ಡಿಗ್ರಿ, ಆಮೇಲೆ ಎಂಬಿಎ. ರೂಲ್ ಚೇಂಜ್ ಮಾಡ್ಲಿಕ್ಕೆ ಮೂವರ ಸೈನ್ ಬೇಕು. ಉಮ್ಮಾ, ಸೈನ್ ಹಾಕ್ತೀರಾ?"

"ಸಹಿ ಹಾಕುವುದು ಕೆಲಸ ಅಲ್ವಾ?" ಎಂದಳು ಸೋಫಾದಿಂದ ಹಸೀಬಾ. "ಪಿಂಚಣಿ ಹೋಗ್ತದೆ."

ನಿನ್ನೆ ಸಂಜೆ ಕೊಪ್ಪಳದಿಂದ ಫಕೀರಪ್ಪನವರ ವಿಡಿಯೋ ಕಾಲ್ ಬಂತು. ನಾನು ಹೊಲಿದ ಕೋಟು ಹಾಕಿಕೊಂಡು, ಗಡಿಯಾರ ಕಟ್ಟಿಕೊಂಡು, ಕಾಲ ಮೇಲೆ ಕಾಲು ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ನಾನು ಫೋನನ್ನು ಮಸಾಲೆ ಡಬ್ಬಿಗೆ ಒರಗಿಸಿ ಇಟ್ಟೆ.

"ಹ್ಯಾಂಗದೀರಿ ಸಾಹೇಬ್ರ? ಅವತ್ತ ಕೇಳಿದ್ದಕ್ಕ ನೀವು ಉತ್ತರಾನ ಕೊಡಲಿಲ್ಲ. ಯಾವಾಗ್ರಿ ನಿವೃತ್ತಿ?"

"ನಮ್ಮ ಮನೆಯಲ್ಲಿ ನಿವೃತ್ತಿ ಆಯ್ತು ಫಕೀರಪ್ಪನವರೇ" ಎಂದೆ.

"ಹೌದ್ರಿ? ಭಾಳ ಖುಷಿ ಆತು! ಮತ್ತ ಅಳಾಕತ್ತೀರಲ್ಲ, ಖುಷೀಗೇನ್ರಿ?"

"ಅಲ್ಲ. ಈರುಳ್ಳಿ ಹೆಚ್ಚುತ್ತಾ ಇದ್ದೇನೆ."